ಹಳೆಯ ಲಾರಿಯ ಎರಡು ತುಂಡಿನ ಚಕ್ರಗಳನ್ನು ಬದಲಿಸಿದ್ದು

ಹಳೆಯ ಲಾರಿಯೊಂದನ್ನು ಮತ್ತೆ ರಸ್ತೆಗೆ ಇಳಿಸಲು ಹೊರಟವರು ಸಾಮಾನ್ಯವಾಗಿ ಎಂಜಿನ್, ಬ್ರೇಕು, ವೈರಿಂಗು ಎಂಬ ಕ್ರಮದಲ್ಲಿ ಕೆಲಸ ಹಿಡಿದು, ಚಕ್ರಗಳನ್ನು ಕೊನೆಯಲ್ಲಿ ಬಣ್ಣ ಬಳಿಯುವ ಸಾಮಾನುಗಳ ಸಾಲಿಗೆ ಸೇರಿಸಿಬಿಡುತ್ತಾರೆ. ನನ್ನ ಬಳಿ ಇರುವ, 1950ರ ದಶಕದ ಒಂದೂವರೆ ಟನ್ನಿನ ಲಾರಿಯ ಮಟ್ಟಿಗೆ ನಾನು ಈ ಕ್ರಮವನ್ನು ತಿರುಗಿಸಿ, ಮೊದಲು ಚಕ್ರಗಳಿಗೆ ಕೈ ಹಾಕಿದೆ. ರಿಮ್ಮಿನ ಮೇಲಿನ ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿದಾಗ ಕಾಣಿಸಿದ 'ಆರ್‌ಎಚ್ 5°' ಎಂಬ ಮುದ್ರೆಯೇ ಅದಕ್ಕೆ ಕಾರಣ. ಎಂಜಿನ್ ಕೆಟ್ಟರೆ ಲಾರಿ ನಿಲ್ಲುತ್ತದೆ, ಅಷ್ಟೇ. ಆದರೆ ಈ ಮುದ್ರೆಯಿರುವ ರಿಮ್ಮು, ನಿಂತ ಲಾರಿಯ ಪಕ್ಕದಲ್ಲಿ ಗಾಳಿ ತುಂಬಿಸುತ್ತ ಕುಳಿತವನ ಜೀವವನ್ನೇ ತೆಗೆಯಬಲ್ಲದು.

ಲಾರಿಯ ರಿಮ್ಮುಗಳನ್ನು ತುಂಡು ತುಂಡಾಗಿ ಮಾಡಿದ್ದೇಕೆ ಎಂಬುದು ತಿಳಿದರೆ ಅಪಾಯ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಟ್ಯೂಬು ಹಾಕುತ್ತಿದ್ದ ಕಾಲದ ಲಾರಿ ಟೈರುಗಳು ಹಲವು ಪದರಗಳ, ಬಹಳ ಬಿಗಿಯಾದ ಟೈರುಗಳು. ಉಕ್ಕಿನ ತಂತಿ ಸುತ್ತಿದ ಅವುಗಳ ಅಂಚನ್ನು, ಅಂದರೆ ಬೀಡನ್ನು, ಕಾರಿನ ಟೈರಿನಂತೆ ಎಳೆದು ರಿಮ್ಮಿನ ತುಟಿ ದಾಟಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ರಿಮ್ಮಿನ ಒಂದು ಬದಿಯ ತುಟಿಯನ್ನೇ ಬಿಚ್ಚಬಹುದಾದ ಬಳೆಯಾಗಿ ಮಾಡಿ, ಟೈರನ್ನು ಪಕ್ಕದಿಂದ ಜಾರಿಸಿ ಕೂರಿಸಿದ ಮೇಲೆ ಆ ಬಳೆಯನ್ನು ಸಿಕ್ಕಿಸುವ ವ್ಯವಸ್ಥೆ ಬಂತು. ಮೂರು ತುಂಡಿನ ರಿಮ್ಮಿನಲ್ಲಿ ಪಕ್ಕದ ಬಳೆಯನ್ನು ಇನ್ನೊಂದು ಸೀಳಿದ ಲಾಕ್ ರಿಂಗ್ ಹಿಡಿದಿಡುತ್ತದೆ. ಎರಡು ತುಂಡಿನ ಕೆಲವು ಬಗೆಗಳಲ್ಲಿ ಬಳೆ ಮತ್ತು ಲಾಕ್ ರಿಂಗ್ ಎರಡರ ಕೆಲಸವನ್ನೂ ಒಂದೇ ಸೀಳುಬಳೆ ಮಾಡುತ್ತದೆ. ಎರಡರಲ್ಲಿಯೂ ಗಾಳಿಯ ಒತ್ತಡ ಹೆಚ್ಚಿದಷ್ಟೂ ಬಳೆ ರಿಮ್ಮಿನಲ್ಲಿ ಕೊರೆದ ಕಾಲುವೆಯಲ್ಲಿ ಬಿಗಿಯಾಗಿ ಕೂರುತ್ತದೆ. ಬಳೆ ಸರಿಯಾಗಿ ಕೂತಿದೆಯೇ ಎಂಬುದು ಹೊರಗಿನಿಂದ ಕಣ್ಣಿಗೆ ಕಾಣುತ್ತದೆ ಎಂಬುದು ಇಲ್ಲಿ ಮುಖ್ಯ.

ಫೈರ್‌ಸ್ಟೋನ್ ಕಂಪನಿ ರೂಪಿಸಿದ ಆರ್‌ಎಚ್ 5° ರಿಮ್ಮಿನಲ್ಲಿ ಈ ಅನುಕೂಲವೇ ಇಲ್ಲ. ಇದೂ ಎರಡು ತುಂಡಿನದೇ, ಆದರೆ ಎರಡು ತುಂಡುಗಳು ಕೂಡುವುದು ಹೊರಗಿನ ಅಂಚಿನಲ್ಲಲ್ಲ, ಟೈರಿನ ಹೊಟ್ಟೆಯೊಳಗೆ, ರಿಮ್ಮಿನ ನಡುಭಾಗದಲ್ಲಿ. ಟೈರು ಹಾಕಿ ಗಾಳಿ ತುಂಬಿಸಿದ ಮೇಲೆ ಕೊಕ್ಕೆಯಂತಹ ಆ ಅಂಚುಗಳು ಪೂರ್ತಿ ಸಿಕ್ಕಿಕೊಂಡಿವೆಯೇ, ಅರ್ಧಕ್ಕೆ ನಿಂತಿವೆಯೇ ಎಂಬುದನ್ನು ನೋಡುವ ದಾರಿಯೇ ಇಲ್ಲ. ವರ್ಷಗಟ್ಟಲೆ ನೀರು ಇಳಿದು ಕೊಕ್ಕೆಯ ಅಂಚು ತುಕ್ಕಿನಿಂದ ಸವೆದಿದ್ದರೆ, ಹಿಂದೆ ಯಾರೋ ಸುತ್ತಿಗೆಯಿಂದ ಬಡಿದು ಬಳೆಯ ಆಕಾರ ಕೆಡಿಸಿದ್ದರೆ, ಅಥವಾ ಬೇರೊಂದು ರಿಮ್ಮಿನ ಬಳೆಯನ್ನು ತಂದು ಇದಕ್ಕೆ ಜೋಡಿಸಿದ್ದರೆ, ಅದು ಗೊತ್ತಾಗುವುದು ಸಿಡಿದಾಗಲೇ. ಅಮೆರಿಕದ ಕಾರ್ಯಾಗಾರಗಳಲ್ಲಿ ಇದಕ್ಕೆ ಹೆಂಡಿರನ್ನು ವಿಧವೆಯರನ್ನಾಗಿಸುವ ರಿಮ್ಮು ಎಂಬ ಅಡ್ಡಹೆಸರು ಬಿದ್ದಿದೆ. ಆ ಹೆಸರನ್ನು ಈಗ ಎಲ್ಲ ಬಗೆಯ ತುಂಡು ರಿಮ್ಮುಗಳಿಗೂ ಅಂಟಿಸುವವರಿದ್ದಾರೆ. ಅದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ.

ಸಿಡಿತದ ಬಲ ಎಷ್ಟೆಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. 20 ಇಂಚಿನ ರಿಮ್ಮಿನ ಮೇಲೆ 36 ಇಂಚು ಎತ್ತರದ ಟೈರು ಇದ್ದರೆ, ಅದರ ಒಂದು ಬದಿಯ ಗೋಡೆಯ ವಿಸ್ತೀರ್ಣ ಸುಮಾರು 700 ಚದರ ಇಂಚು. ಚದರ ಇಂಚಿಗೆ 75 ಪೌಂಡಿನಷ್ಟು ಗಾಳಿ ತುಂಬಿಸಿದರೆ ಆ ಗೋಡೆಯನ್ನು ಹೊರಗೆ ನೂಕುವ ಒಟ್ಟು ಬಲ 52,000 ಪೌಂಡು ದಾಟುತ್ತದೆ, ಅಂದರೆ 23 ಟನ್ನಿಗಿಂತ ಹೆಚ್ಚು. ಇದರಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಬೀಡಿನ ಮೂಲಕ ಬಳೆಯ ಮೇಲೆ ಬಿದ್ದರೂ ಅದು ಹತ್ತು ಟನ್ನಿನ ಆಸುಪಾಸಿನ ಮಾತು. ಅಷ್ಟು ಬಲವನ್ನು ತಡೆಯುತ್ತಿರುವುದು ಎಪ್ಪತ್ತು ವರ್ಷ ಹಳೆಯದಾದ, ಕಣ್ಣಿಗೆ ಕಾಣದ, ಕೆಲವೇ ಮಿಲಿಮೀಟರು ಎತ್ತರದ ಒಂದು ಅಂಚು.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಆಡಳಿತವು 1980ರಲ್ಲಿ ಬಹುತುಂಡು ರಿಮ್ಮುಗಳ ಕೆಲಸಕ್ಕೆಂದೇ ನಿಯಮಾವಳಿಯೊಂದನ್ನು ತಂದಿತು, 1984ರಲ್ಲಿ ಒಂದೇ ತುಂಡಿನ ಲಾರಿ ಚಕ್ರಗಳನ್ನೂ ಅದರೊಳಗೆ ಸೇರಿಸಿತು. ಗಾಳಿಯನ್ನು ಉಕ್ಕಿನ ಪಂಜರದಂತಹ ತಡೆಯೊಳಗೆ ಇಟ್ಟೇ ತುಂಬಿಸಬೇಕು, ಆ ಪಂಜರ ಟೈರಿನ ಗರಿಷ್ಠ ಒತ್ತಡದ 150 ಪ್ರತಿಶತವನ್ನು ತಾಳಬೇಕು, ಗಾಳಿ ಕೊಳವೆಗೆ ಕಚ್ಚಿ ನಿಲ್ಲುವ ತುದಿಯೂ ದೂರದಿಂದ ನಿಯಂತ್ರಿಸುವ ವಾಲ್ವೂ ಇರಬೇಕು, ತುಂಡುಗಳು ಹಾರಬಹುದಾದ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು, ಗಾಳಿಯಿರುವಾಗ ಬಳೆಯನ್ನು ಬಡಿದು ಸರಿಪಡಿಸಬಾರದು, ಬಿರುಕು ಬಿಟ್ಟ ಅಥವಾ ಬಾಗಿದ ಭಾಗವನ್ನು ಬೆಸುಗೆ ಹಾಕಿ ಬಳಸಬಾರದು ಎಂಬವು ಅದರ ಮುಖ್ಯ ಅಂಶಗಳು. ಯಾವ ದೇಶದಲ್ಲಿ ಕೆಲಸ ಮಾಡಿದರೂ ಇವನ್ನು ಪಾಲಿಸುವುದರಿಂದ ನಷ್ಟವೇನೂ ಇಲ್ಲ.

ತಮ್ಮ ಲಾರಿಯಲ್ಲಿ ಇರುವುದು ಯಾವ ಬಗೆ ಎಂದು ತಿಳಿಯಲು ಟೈರು ಬಿಚ್ಚಬೇಕಿಲ್ಲ. ಹೊರಬದಿಯಲ್ಲಿ, ಟೈರಿನ ಬೀಡು ಕೂರುವ ಜಾಗದ ಪಕ್ಕದಲ್ಲೇ, ಸುತ್ತಲೂ ಒಂದು ಸಂದು ಮತ್ತು ಒಂದು ಕಡೆ ಸೀಳು ಕಂಡರೆ ಅದು ಲಾಕ್ ರಿಂಗ್ ಇರುವ ರಿಮ್ಮು. ಹೊರಗೆ ಯಾವ ಸಂದೂ ಇಲ್ಲದೆ ಒಂದೇ ತುಂಡಿನಂತೆ ಕಂಡು, ಹಬ್ಬಿನ, ಅಂದರೆ ಚಕ್ರ ಕೂರುವ ನಡುಗುಂಬದ, ಕಡೆಯಿಂದ ರಿಮ್ಮಿನ ಒಳಮೈಯನ್ನು ನೋಡಿದಾಗ ನಡುಮಧ್ಯದಲ್ಲಿ ಸುತ್ತಲೂ ಕೂಡುಗೆರೆ ಇದ್ದರೆ ಆರ್‌ಎಚ್ 5° ಎಂದೇ ಭಾವಿಸಿ, ಮುದ್ರೆಯನ್ನು ಹುಡುಕಬೇಕು. ಫೋರ್ಡ್, ಷೆವ್ರೊಲೆ, ಡಾಡ್ಜ್, ಇಂಟರ್‌ನ್ಯಾಷನಲ್ ಲಾರಿಗಳಲ್ಲಿ ಇವು ಕಂಡುಬರುತ್ತವೆ.

ಬದಲಿ ಚಕ್ರಕ್ಕೆ ನನ್ನ ಮುಂದೆ ಎರಡು ದಾರಿಗಳಿದ್ದವು. ಒಳ್ಳೆಯ ಸ್ಥಿತಿಯಲ್ಲಿರುವ ಮೂರು ತುಂಡಿನ ರಿಮ್ಮುಗಳನ್ನು ಹುಡುಕಿ ತರುವುದು ಒಂದು. ಟ್ಯೂಬ್‌ಲೆಸ್ ಟೈರಿನ ಒಂದೇ ತುಂಡಿನ ಚಕ್ರಗಳಿಗೆ ಹೋಗುವುದು ಇನ್ನೊಂದು. ಲಾಕ್ ರಿಂಗ್ ರಿಮ್ಮು ತಿಳಿದವರ ಕೈಯಲ್ಲಿ ಕೆಟ್ಟದ್ದೇನಲ್ಲ, ಹಳೆಯ ನೋಟವನ್ನೂ ಉಳಿಸುತ್ತದೆ. ಆದರೂ ನಾನು ಒಂದೇ ತುಂಡಿನದನ್ನು ಆರಿಸಿಕೊಂಡೆ, ಏಕೆಂದರೆ ನಾಳೆ ದಾರಿಯಲ್ಲಿ ಪಂಕ್ಚರ್ ಆದಾಗ ಆ ಚಕ್ರವನ್ನು ಬಿಚ್ಚುವವರು ಯಾರೆಂದು ನನಗೆ ಗೊತ್ತಿರುವುದಿಲ್ಲ. ಈ ಚಕ್ರಗಳ ನಡುವೆ ತಗ್ಗು ಇರುತ್ತದೆ. ಬೀಡಿನ ಒಂದು ಬದಿಯನ್ನು ಆ ತಗ್ಗಿಗೆ ಇಳಿಸಿದರೆ ಎದುರು ಬದಿ ತುಟಿಯನ್ನು ದಾಟುತ್ತದೆ. ಬಿಚ್ಚುವ ಬಳೆಯೇ ಇಲ್ಲದ್ದರಿಂದ ಹಾರಿಹೋಗಲು ಬಳೆಯೂ ಇಲ್ಲ. ಟೈರು ಒಡೆಯುವ ಅಪಾಯ ಮಾತ್ರ ಇದರಲ್ಲೂ ಉಳಿಯುತ್ತದೆ, ಆದ್ದರಿಂದ ಪಂಜರ ಇದಕ್ಕೂ ಬೇಕು.

ಅಳತೆಯ ವಿಷಯದಲ್ಲಿ ಒಂದು ಸರಳ ಸೂತ್ರವಿದೆ: ಟ್ಯೂಬಿನ ರಿಮ್ಮಿನ ಅಳತೆಗೆ ಎರಡೂವರೆ ಇಂಚು ಸೇರಿಸಿದರೆ ಅದಕ್ಕೆ ಸಮನಾದ ಟ್ಯೂಬ್‌ಲೆಸ್ ಚಕ್ರದ ಅಳತೆ ಸಿಗುತ್ತದೆ. ಅಂದರೆ 17 ಇಂಚಿಗೆ 19.5, 20 ಇಂಚಿಗೆ 22.5. ಟ್ಯೂಬ್‌ಲೆಸ್ ರಿಮ್ಮಿನ ಬೀಡು ಕೂರುವ ಜಾಗ 15 ಡಿಗ್ರಿ ಓರೆಯಾಗಿದ್ದು ತುಟಿ ಗಿಡ್ಡವಾಗಿರುವುದರಿಂದ, ಅಳತೆ ಹೆಚ್ಚಾದರೂ ಟೈರಿನ ಹೊರ ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಟೈರಿನ ಅಳತೆಯಲ್ಲಿ 7.50-20ಕ್ಕೆ 8ಆರ್22.5, 8.25-20ಕ್ಕೆ 9ಆರ್22.5, 9.00-20ಕ್ಕೆ 10ಆರ್22.5 ಎಂಬುದು ರೂಢಿಯಲ್ಲಿರುವ ಹೊಂದಿಕೆ. ಇದನ್ನು ಮೀರಿ 20 ಇಂಚಿನ ಲಾರಿಗೆ 19.5ರ ಚಕ್ರ ಹಾಕಿದರೆ ಟೈರು ಗಿಡ್ಡವಾಗಿ, ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕಾಗುತ್ತದೆ. ಮೊದಲೇ ನಿಧಾನಕ್ಕೆ ಗೇರು ಹಾಕಿದ ಹಳೆಯ ಲಾರಿಗಳಲ್ಲಿ ಇದು ಹಿತವಲ್ಲ.

ಕೆಲಸದ ನಿಜವಾದ ಭಾರವೆಲ್ಲ ಇರುವುದು ಅಳೆಯುವುದರಲ್ಲಿ. ಸ್ಟಡ್ಡುಗಳ, ಅಂದರೆ ಚಕ್ರವನ್ನು ಹಬ್ಬಿಗೆ ಹಿಡಿಯುವ ಬೋಲ್ಟುಗಳ, ವೃತ್ತದ ವ್ಯಾಸವನ್ನು ಆರು, ಎಂಟು ಅಥವಾ ಹತ್ತು ಸ್ಟಡ್ಡುಗಳಿದ್ದಾಗ ಎದುರುಬದುರಾದ ಎರಡರ ನಡುವೆ ನೇರವಾಗಿ ಅಳೆಯಬಹುದು. ಐದಿದ್ದರೆ ಎದುರಿಗೆ ಸ್ಟಡ್ಡು ಇರುವುದಿಲ್ಲವಾದ್ದರಿಂದ ಅಕ್ಕಪಕ್ಕದ ಎರಡರ ಕೇಂದ್ರಗಳ ಅಂತರವನ್ನು 1.701ರಿಂದ ಗುಣಿಸಬೇಕು. ವೃತ್ತ ಹೊಂದಿದರೆ ಸಾಲದು, ನಡುವಿನ ತೂತು ಹಬ್ಬನ್ನು ದಾಟಬೇಕು, ನಟ್ಟು ಕೂರುವ ತೂತಿನ ಆಕಾರ ಚಪ್ಪಟೆಯೋ, ಶಂಕುವೋ, ಗೋಳವೋ ಎಂಬುದೂ ಹೊಂದಬೇಕು. ಗೋಳಾಕಾರದ ತೂತಿಗೆ ಚಪ್ಪಟೆ ತಳದ ನಟ್ಟು ಹಾಕಿದರೆ ಅದು ಬಿಗಿಯಾದಂತೆ ಕಂಡರೂ ಚಕ್ರ ಕೇಂದ್ರಕ್ಕೆ ಬಂದಿರುವುದಿಲ್ಲ.

ಅದಕ್ಕಿಂತ ಸೂಕ್ಷ್ಮವಾದದ್ದು ಆಫ್‌ಸೆಟ್, ಅಂದರೆ ಹಬ್ಬಿಗೆ ಒರಗುವ ಡಿಸ್ಕಿನ (ಚಕ್ರದ ನಡುವಿನ ತಟ್ಟೆಯ) ಮುಖಕ್ಕೂ ರಿಮ್ಮಿನ ನಡುಗೆರೆಗೂ ಇರುವ ಅಂತರ. ಹಿಂದಿನ ಜೋಡಿ ಚಕ್ರಗಳಲ್ಲಿ ಡಿಸ್ಕುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವುದರಿಂದ ಎರಡು ಟೈರುಗಳ ನಡುವಿನ ಜಾಗವನ್ನು ನಿರ್ಧರಿಸುವುದು ಇದೇ. ಅದು ಕಡಿಮೆಯಾದರೆ ಭಾರ ಹೇರಿದಾಗ ಉಬ್ಬುವ ಗೋಡೆಗಳು ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ. ಟೈರು ತಯಾರಕರು ಪ್ರತಿ ಅಳತೆಗೂ ಕನಿಷ್ಠ ಜೋಡಿ ಅಂತರವನ್ನು ಕೊಟ್ಟಿರುತ್ತಾರೆ. ಚಕ್ರ ಕೊಳ್ಳುವ ಮೊದಲೇ ಅದನ್ನು ನೋಡಬೇಕು. ಮುಂದಿನ ಚಕ್ರಗಳಲ್ಲಿ ಇದೇ ಅಂತರ ಹೆಚ್ಚಾದರೂ ಕಡಿಮೆಯಾದರೂ ಸ್ಟಿಯರಿಂಗ್ ತಿರುಗಿಸಿದಾಗ ಟೈರು ಟೈ ರಾಡಿಗೋ ಮಡ್‌ಗಾರ್ಡಿಗೋ ತಾಗುತ್ತದೆ. ಅಳತೆ ದೊಡ್ಡದಾಯಿತಲ್ಲ, ಬ್ರೇಕ್ ಡ್ರಮ್ಮಿಗೆ ತಾಗುವ ಮಾತೇ ಇಲ್ಲ ಎಂದುಕೊಳ್ಳುವಂತೆಯೂ ಇಲ್ಲ, ಏಕೆಂದರೆ ನಡುವಿನ ತಗ್ಗು ಒಳಗಿನ ಜಾಗವನ್ನು ತಿನ್ನುತ್ತದೆ. ವಾಲ್ವಿನ ಕಡ್ಡಿಯೂ ಡ್ರಮ್ಮಿನ ಕಡೆಗೆ ಚಾಚಿಕೊಂಡಿರಬಹುದು. ಟೈರಿಲ್ಲದ ಒಂದು ಖಾಲಿ ಚಕ್ರವನ್ನು ತಂದು, ಮುಂದೆ ಮತ್ತು ಹಿಂದೆ ಕೂರಿಸಿ, ಕೈಯಿಂದ ಸುತ್ತಿಸಿ ನೋಡಿದ ಮೇಲೆಯೇ ಉಳಿದವುಗಳನ್ನು ತರಿಸಿದೆ. ಈ ಎಚ್ಚರಿಕೆಯನ್ನು ಎಲ್ಲರಿಗೂ ಹೇಳುತ್ತೇನೆ.

ಹಳೆಯ ಚಕ್ರಗಳನ್ನು ಇಳಿಸುವಾಗ ನಟ್ಟಿಗೆ ಪಾನ (ಸ್ಪ್ಯಾನರ್) ಹಾಕುವ ಮೊದಲೇ ಗಾಳಿಯನ್ನು ಪೂರ್ತಿ ಬಿಡಬೇಕು. ವಾಲ್ವಿನ ಒಳಗಿನ ಪಿನ್ನನ್ನು ಬಿಚ್ಚಿ ತೆಗೆದು, ಶಬ್ದ ನಿಂತ ಮೇಲೆ ಕಡ್ಡಿಯೊಳಗೆ ತಂತಿಯೊಂದನ್ನು ಆಡಿಸಿ ಕಸ ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಜೋಡಿ ಚಕ್ರಗಳಲ್ಲಿ ಹೊರಗಿನದನ್ನಷ್ಟೇ ತೆಗೆಯುವುದಿದ್ದರೂ ಎರಡರ ಗಾಳಿಯನ್ನೂ ಬಿಡಬೇಕು, ಏಕೆಂದರೆ ನಟ್ಟಿನ ಬಿಗಿಯೇ ಒಡೆದ ರಿಮ್ಮೊಂದನ್ನು ಹಿಡಿದಿಟ್ಟಿರಬಹುದು. ತುಕ್ಕು ಹಿಡಿದ ನಟ್ಟನ್ನು ಬಿಡಿಸಲು ಗ್ಯಾಸಿನ ಜ್ವಾಲೆ ಹಿಡಿಯುವ ಅಭ್ಯಾಸ ಬಹಳ ಕೆಟ್ಟದ್ದು; ಟೈರು ಮೇಲಿರುವ ರಿಮ್ಮನ್ನು ಕಾಯಿಸಿದರೆ, ಗಾಳಿ ಬಿಟ್ಟಿದ್ದರೂ, ಒಳಗೆ ಸುಡುವ ರಬ್ಬರಿನ ಅನಿಲವೇ ಸ್ಫೋಟಿಸಬಲ್ಲದು. ಸ್ಟಡ್ಡು ಆಧಾರಿತ ಹಳೆಯ ಲಾರಿಗಳಲ್ಲಿ ಎಡಬದಿಯ ನಟ್ಟುಗಳಿಗೆ ಎಡಸುತ್ತಿನ ಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು) ಇರುವುದು ಸಾಮಾನ್ಯ. ಇದನ್ನು ಮರೆತು ತಪ್ಪು ದಿಕ್ಕಿಗೆ ಜಗ್ಗಿ ಸ್ಟಡ್ಡು ಮುರಿದವರು ಕಡಿಮೆಯೇನಲ್ಲ.

ಹೊಸ ಚಕ್ರ ಕೂರಿಸುವ ಮೊದಲು ಹಬ್ಬಿನ ಮುಖದ ತುಕ್ಕನ್ನೂ ಹಳೆಯ ಬಣ್ಣದ ಪದರವನ್ನೂ ಲೋಹ ಕಾಣುವವರೆಗೆ ತೆಗೆದೆ. ಡಿಸ್ಕಿನ ಮೇಲೆ ದಪ್ಪಗೆ ಬಳಿದ ಬಣ್ಣ ಬಿಗಿಯ ಕೆಳಗೆ ಅರೆದುಹೋಗಿ ನಟ್ಟುಗಳು ಸಡಿಲವಾಗುತ್ತವೆ, ಹಾಗಾಗಿ ಒರಗುವ ಜಾಗಕ್ಕೆ ತೆಳುವಾದ ಒಂದೇ ಪದರ ಸಾಕು. ಜೋಡಿ ಚಕ್ರಗಳಲ್ಲಿ ಒಳಚಕ್ರವನ್ನು ಹಿಡಿಯುವ ಕೊಳವೆ ನಟ್ಟು ಮೊದಲು, ಹೊರಚಕ್ರದ ನಟ್ಟು ಆಮೇಲೆ; ಎರಡನ್ನೂ ಎದುರುಬದುರು ಕ್ರಮದಲ್ಲಿ, ಟಾರ್ಕ್ ಪಾನದಿಂದ, ತಯಾರಕರು ಹೇಳಿದ ಬಿಗಿಗೆ ತಂದೆ. ಮೊದಲ 80ರಿಂದ 160 ಕಿಲೋಮೀಟರಿನೊಳಗೆ ಮತ್ತೊಮ್ಮೆ ಬಿಗಿ ಪರೀಕ್ಷಿಸಬೇಕು, ಮತ್ತು ಹೊರಗಿನ ನಟ್ಟನ್ನು ಸಡಿಲಿಸದೆ ಒಳಗಿನದರ ಬಿಗಿ ತಿಳಿಯುವುದಿಲ್ಲವೆಂಬುದನ್ನು ನೆನಪಿಡಬೇಕು.

ಪ್ರದರ್ಶನಕ್ಕೆ ಮಾತ್ರ ನಿಲ್ಲುವ ಲಾರಿಗೆ ಮೂಲ ಚಕ್ರಗಳೇ ಇರಲಿ ಎಂಬ ವಾದವನ್ನು ಸಂಗ್ರಾಹಕರಿಂದ ಕೇಳಿದ್ದೇನೆ. ನಿಂತ ಲಾರಿಗೂ ಗಾಳಿ ಇಳಿಯುತ್ತದೆ, ಇಳಿದಾಗ ಯಾರಾದರೊಬ್ಬರು ತುಂಬಿಸಲು ಹೋಗುತ್ತಾರೆ. ಆದ್ದರಿಂದ ನನಗೆ ಆ ವಾದ ಒಪ್ಪಿಗೆಯಿಲ್ಲ. ಬಿಚ್ಚಿದ ರಿಮ್ಮುಗಳನ್ನು ಹಾಗೆಯೇ ಗುಜರಿಗೆ ಹಾಕುವುದೂ ಸರಿಯಲ್ಲ, ಅಲ್ಲಿಂದ ಅವು ಇನ್ನೊಬ್ಬರ ಲಾರಿಯನ್ನು ಸೇರುತ್ತವೆ. ಟೈರು ತೆಗೆದ ಮೇಲೆ ಬಳೆಯನ್ನೂ ರಿಮ್ಮನ್ನೂ ಕತ್ತರಿಸಿ ಎರಡೆರಡು ತುಂಡು ಮಾಡಿ ಕೊಟ್ಟೆ. ಚಾಸಿಯ ಕೆಳಗೆ ತೂಗುವ ಸ್ಟೆಪ್ನಿಯೂ ಇದೇ ಬಗೆಯದಾಗಿರುತ್ತದೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಅದನ್ನೂ ಬದಲಿಸಿ, ಹೊಸ ಚಕ್ರದ ಡಿಸ್ಕಿಗೆ ಹೊಂದುವಂತೆ ಅದನ್ನು ಹಿಡಿಯುವ ಕೊಂಡಿಯನ್ನೂ ಮಾರ್ಪಡಿಸಬೇಕಾಯಿತು.