ಸಡಿಲ ಬೆಸುಗೆ

ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದಾರೆ ಎಂಬ ಸುದ್ದಿ ಮೊಬೈಲಿಗೆ ಬರುವಷ್ಟರಲ್ಲಿ ಅಕ್ಕನ ಮಗ ಹಾಸಿಗೆ ಮಡಚಿ ಆಗಿತ್ತು. ಶಾಲೆ ಇರುವ ದಿನ ಮೂರು ಸಲ ಕೂಗಿದರೂ ಏಳದ ಹುಡುಗ ಅವನು. ಒಂಬತ್ತನೆಯ ತರಗತಿ. ಸಾಗರದ ಹೈಸ್ಕೂಲಿಗೆ ಹತ್ತಿರವೆಂದು ನಮ್ಮ ಮನೆಯಲ್ಲೇ ಇದ್ದಾನೆ. ನಾನು ಕಾಫಿ ಲೋಟ ಕೆಳಗಿಡುವ ಮೊದಲೇ ಕಂಪ್ಯೂಟರ್ ಆಟಕ್ಕೆ ಕೈಯಲ್ಲಿ ಹಿಡಿಯುವ ತನ್ನ ಗೇಮ್‌ಪ್ಯಾಡನ್ನು ತಂದು ಎದುರಿಗಿಟ್ಟ. ‘ಮಾವ, ಮಳೆ ರಜೆ ಸಿಕ್ಕಿದ ದಿನ ಲೈಟ್ ಹಾಕಿಕೊಡುತ್ತೇನೆ ಎಂದಿದ್ದೆ.’

ಎಂದಿದ್ದು ನಿಜ. ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಬಂದವನು ನಾನು. ಆ ವಿದ್ಯೆ ಈಗ ಉಪಯೋಗಕ್ಕೆ ಬರುವುದು ಕಾಡುಹಂದಿ ತಡೆಯುವ ಸೋಲಾರ್ ಬೇಲಿಯ ಪೆಟ್ಟಿಗೆ ಕೆಟ್ಟಾಗ ಮಾತ್ರ. ಹಾಗಾಗಿ ಯಾರಾದರೂ ಬೆಸುಗೆಯ ಕೆಲಸ ತಂದರೆ ನನಗೆ ಸ್ವಲ್ಪ ಹೆಚ್ಚೇ ಉತ್ಸಾಹ. ಹಿಂದಿನ ವಾರ ಅಡಿಕೆ ಮಂಡಿಯ ಲೆಕ್ಕಕ್ಕೆಂದು ರೈಲಿನಲ್ಲಿ ಶಿವಮೊಗ್ಗಕ್ಕೆ ಹೋದಾಗ ಆರು ನೀಲಿ ಎಲ್‌ಇಡಿ, ಕರೆಂಟಿನ ಹರಿವನ್ನು ಹಿಡಿತದಲ್ಲಿಡುವ ಒಂದಿಷ್ಟು ರೆಸಿಸ್ಟರ್ ತಂದಿಟ್ಟಿದ್ದೆ. ಬೇಕಾಗಿದ್ದುದು ಎರಡೇ. ಉಳಿದ ನಾಲ್ಕನ್ನು ನನ್ನ ಕೈಯ ಮೇಲಿನ ನಂಬಿಕೆಯ ಅಳತೆ ಎನ್ನಬಹುದು.

ಗೇಮ್‌ಪ್ಯಾಡ್ ಯುಎಸ್‌ಬಿ ತಂತಿಯದ್ದು, ಹೊಗೆಬಣ್ಣದ ಪಾರದರ್ಶಕ ಪ್ಲಾಸ್ಟಿಕ್‌ನದ್ದು. ಅವನಿಗೆ ಗುಂಡಿಗಳ ಕೆಳಗೆ ಬೆಳಕು ಬೇಕಿತ್ತು. ಆದರೆ ಗುಂಡಿಗಳು ಕಲ್ಲಿನಂತೆ ಅಪಾರದರ್ಶಕ. ಬೆಳಕು ಹೊರಗೆ ಕಾಣುವುದಾದರೆ ಎರಡು ಹಿಡಿಗಳಲ್ಲೇ ಎಂದು ಒಪ್ಪಿಸಿದೆ. ಹಿಂಬದಿಯ ಸ್ಕ್ರೂಗಳನ್ನೆಲ್ಲ ಬಿಚ್ಚಿದರೂ ಅದು ಬಾಯಿ ಬಿಡಲಿಲ್ಲ. ಎಳೆದೆ, ಕಿರ್ರೆಂದಿತು. ಕೊನೆಗೆ ಅವನೇ ಸ್ಟಿಕ್ಕರ್ ಮೇಲೆ ಬೆರಳಾಡಿಸಿ ‘ಇಲ್ಲೊಂದು ಕುಳಿ ಇದೆ’ ಎಂದ. ಕಂಪನಿಯವರು ಕೊನೆಯ ಸ್ಕ್ರೂವನ್ನು ಅದರಡಿ ಬಚ್ಚಿಟ್ಟಿದ್ದರು. ತೆರೆದರೆ ಒಳಗೆ ಮಲೆನಾಡು: ಗುಂಡಿಗಳ ರಬ್ಬರಿನ ಸುತ್ತ ಬಿಳಿ ಬೂಷ್ಟು, ಮೂಲೆಯಲ್ಲಿ ಚಕ್ಕುಲಿಯ ಪುಡಿ. ನಮ್ಮಲ್ಲಿ ಆಷಾಢದಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಹಿಡಿಯುವ ಬೂಷ್ಟು ಇದನ್ನೇಕೆ ಬಿಟ್ಟೀತು?

ಇಷ್ಟಾಗುವಾಗ ಕರೆಂಟು ಹೋಯಿತು. ಎಲ್ಲೋ ಮರದ ಗೆಲ್ಲು ತಂತಿಯ ಮೇಲೆ ಬಿದ್ದಿರಬೇಕು. ಲಿಂಗನಮಕ್ಕಿಯ ನೀರಿನಿಂದ 1035 ಮೆಗಾವ್ಯಾಟ್ ವಿದ್ಯುತ್ ತೆಗೆಯುವ ಶರಾವತಿ ಕೇಂದ್ರ ನಮ್ಮ ನೆರೆಯಲ್ಲೇ ಇದೆ ಎಂಬುದು ಇಂಥ ಹೊತ್ತಿನಲ್ಲಿ ತಪ್ಪದೆ ನೆನಪಾಗುತ್ತದೆ. ಬೆಸುಗೆ ಕಡ್ಡಿಯನ್ನು ಇನ್ವರ್ಟರಿಗೆ ಸಿಕ್ಕಿಸಿದೆ. ಅಮ್ಮ ಅಡುಗೆಮನೆಯಿಂದಲೇ, ‘ಇನ್ವರ್ಟರ್ ತಂದಿದ್ದು ದೀಪಕ್ಕೋ, ನಿಮ್ಮಿಬ್ಬರ ಆಟಕ್ಕೋ?’ ಎಂದರು. ‘ಇದು 25 ವ್ಯಾಟ್ ಅಮ್ಮ, ಫ್ಯಾನಿಗಿಂತ ಕಡಿಮೆ’ ಎಂದೆ. ‘ಈ ಚಳಿಯಲ್ಲಿ ಫ್ಯಾನ್ ಹಾಕುವವರು ಯಾರು?’ ಎಂಬ ಮಾತಿಗೆ ಉತ್ತರವಿರಲಿಲ್ಲ.

ಹುಡುಗ ಎರಡೂ ಎಲ್‌ಇಡಿಗಳನ್ನು ದೀಪಾವಳಿಯ ಸರದಂತೆ ಒಂದರ ಹಿಂದೊಂದು ಪೋಣಿಸಲು ಹೊರಟಿದ್ದ. ಯುಎಸ್‌ಬಿಯಲ್ಲಿ ಬರುವುದು 5 ವೋಲ್ಟ್. ನೀಲಿ ಎಲ್‌ಇಡಿ ಒಂದಕ್ಕೇ ಸುಮಾರು 3 ಬೇಕು. ಎರಡನ್ನು ಪೋಣಿಸಿದರೆ ಆರಾಗುತ್ತದೆ, ಐದು ಸಾಲದು. ಆದ್ದರಿಂದ ಎರಡಕ್ಕೂ ಬೇರೆ ಬೇರೆ ದಾರಿ, ಪ್ರತಿಯೊಂದಕ್ಕೂ ತನ್ನದೇ ರೆಸಿಸ್ಟರ್. ಐದರಲ್ಲಿ ಮೂರು ಕಳೆದರೆ ಉಳಿಯುವ 2 ವೋಲ್ಟ್‌ಗೆ 330 ಓಮ್ ಹಾಕಿದರೆ 6 ಮಿಲಿಆಂಪಿಯರ್, ಕೈಯಲ್ಲಿ ಹಿಡಿಯುವ ವಸ್ತುವಿಗೆ ಧಾರಾಳವಾಯಿತು. ಅವನು ರೆಸಿಸ್ಟರಿನ ಅಳತೆ ಹೇಳುವ ಬಣ್ಣದ ಪಟ್ಟಿಗಳನ್ನು ನೋಡಿ ‘ಕಿತ್ತಳೆ, ಕಿತ್ತಳೆ, ಕಂದು’ ಎಂದು ಆರಿಸಿಕೊಟ್ಟ. ನಾನು ಅವನ ವಯಸ್ಸಿನಲ್ಲಿದ್ದಾಗ ನಮ್ಮ ರೇಡಿಯೊ, ಟೇಪ್‌ರೆಕಾರ್ಡರುಗಳಲ್ಲಿ ಇದ್ದುದು ಕೆಂಪು, ಹಸಿರು ದೀಪಗಳು ಮಾತ್ರ. ಪ್ರಖರವಾದ ನೀಲಿ ಎಲ್‌ಇಡಿ ಸಾಧ್ಯವಾದದ್ದು 1990ರ ದಶಕದಲ್ಲಿ, ಅದಕ್ಕೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ಲೇ ಬಂತು ಎಂದೆಲ್ಲ ಹೇಳಿದೆ. ‘ಹಾಗಾದರೆ ನಿಮ್ಮ ಕಾಲದಲ್ಲಿ ನೀಲಿಯೇ ಇರಲಿಲ್ಲವೇ?’ ಎಂದು ಕನಿಕರದಿಂದ ನೋಡಿದ.

ತಂತಿಯ ಕೆಂಪು ಎಳೆ ಬೋರ್ಡನ್ನು ಸೇರುವಲ್ಲಿ 5 ವೋಲ್ಟ್, ಕಪ್ಪು ಸೇರುವಲ್ಲಿ ನೆಲ, ಅಂದರೆ ಕರೆಂಟು ಮರಳುವ ದಾರಿ. ಹಸಿರು, ಬಿಳಿ ಎಳೆಗಳ ತಂಟೆಗೆ ಹೋಗಬಾರದು. ಗುಂಡಿ ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗುವುದು ಅವುಗಳಲ್ಲಿ. ಎಲ್‌ಇಡಿಗೆ ಬೇಕಾದ ಸಣ್ಣ ತಂತಿ ಮನೆಯಲ್ಲಿರಲಿಲ್ಲ. ಪಂಪ್‌ಸೆಟ್ ಮೋಟಾರು ಸುಟ್ಟಾಗ ರಿವೈಂಡಿಂಗ್ ಅಂಗಡಿಯವನು ಕೊಟ್ಟ ತಾಮ್ರದ ತಂತಿಯ ಸುರುಳಿ ಅಟ್ಟದಲ್ಲಿತ್ತು. ಅದರ ತುದಿಯ ಎನಾಮಲ್ ಲೇಪವನ್ನು ಬ್ಲೇಡಿನಿಂದ ಹೆರೆಯದಿದ್ದರೆ ಸೀಸ ಹತ್ತುವುದಿಲ್ಲ, ಮಣಿಯಾಗಿ ಉರುಳಿ ಹೋಗುತ್ತದೆ.

ಬೆಸುಗೆ ಹಾಕುತ್ತ ನಾನು ಮೇಷ್ಟ್ರಾಗಿಬಿಟ್ಟೆ. ಕಡ್ಡಿಯ ತುದಿಯಿಂದ ಸೀಸವನ್ನು ಕರಗಿಸಿ ಮೆತ್ತಬಾರದು. ಮೊದಲು ತಂತಿ, ತಗಡು ಎರಡೂ ಕಾಯಬೇಕು, ಆಮೇಲೆ ಸೀಸ ತಾನಾಗಿ ಹರಿದು ತಬ್ಬಿಕೊಳ್ಳಬೇಕು. ಒಳ್ಳೆಯ ಬೆಸುಗೆ ಪುಟ್ಟ ಗುಡ್ಡದಂತೆ ಇಳಿಜಾರಾಗಿ ಮಿನುಗುತ್ತದೆ, ಕೆಟ್ಟದ್ದು ಮಂಕಾಗಿ ಗುಂಡಗೆ ಕೂರುತ್ತದೆ. ಆರುವವರೆಗೆ ಅಲುಗಾಡಿಸಿದರೆ ಒಳಗೆ ಬಿರುಕು. ರಾಳದ ಹೊಗೆ ಎದ್ದು ಜಗಲಿಯೆಲ್ಲ ಧೂಪ ಹಾಕಿದಂತಾಯಿತು. ಬಲಗಡೆಯ ಕೊನೆಯ ಬೆಸುಗೆಯ ಹೊತ್ತಿಗೆ ಸರಿಯಾಗಿ ಅಮ್ಮ ‘ಗದ್ದೆಯ ಅಂಚು ಒಡೆದಿದೆಯಂತೆ’ ಎಂದರು. ನಾನು ತಿರುಗಿ ನೋಡಿದೆ. ಅಷ್ಟೇ ಆಗಿದ್ದು.

ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಎರಡೂ ಹಿಡಿಗಳು ಹೊತ್ತಿಕೊಂಡವು. ಕಣ್ಣು ಕುಕ್ಕುವ ಬೆಳಕು. ಮತ್ತೆ ಬಿಚ್ಚಿ ಎಲ್‌ಇಡಿಯ ತಲೆಯನ್ನು ಮರಳು ಕಾಗದದಲ್ಲಿ ಉಜ್ಜಿದ ಮೇಲೆ ಬೆಳಕು ಹಾಲಿನಂತೆ ಹರಡಿತು. ಹುಡುಗ ಕಾರಿನ ಆಟ ಶುರು ಮಾಡಿದ. ನಾನು ಗದ್ದೆಯ ಕಡೆ ಹೊರಟು ಕಂಬಳಿಕೊಪ್ಪೆ ಹಾಕಿಕೊಳ್ಳುತ್ತಿದ್ದಾಗ ಅವನ ಕೂಗು: ‘ಮಾವ! ಕಾರು ಗುದ್ದಿದರೆ ಲೈಟ್ ಮಿಣುಕುತ್ತದೆ! ಇದನ್ನು ಹೇಗೆ ಮಾಡಿದೆ?’

ಬಂದು ನೋಡಿದೆ. ಕಾರು ಗೋಡೆಗೆ ಬಡಿದಾಗಲೆಲ್ಲ ಹಿಡಿಯೊಳಗಿನ ಪುಟ್ಟ ಮೋಟಾರು ತನ್ನ ಓರೆಭಾರವನ್ನು ತಿರುಗಿಸಿ ಗೇಮ್‌ಪ್ಯಾಡನ್ನು ನಡುಗಿಸುತ್ತಿತ್ತು. ನಡುಕಕ್ಕೆ ಬಲಗಡೆಯ ದೀಪ ಪಟಪಟನೆ ಆರಿ ಹೊತ್ತುತ್ತಿತ್ತು. ನನ್ನ ಕೊನೆಯ ಬೆಸುಗೆ ಒಣ ಬೆಸುಗೆ, ಸರಿಯಾಗಿ ಹಿಡಿಯದೆ ಸಡಿಲ ಉಳಿದದ್ದು. ಅರ್ಧ ಗಂಟೆ ಉಪದೇಶ ಮಾಡಿದವನ ಕೈಯದ್ದು. ‘ಕೊಡು, ಸರಿ ಮಾಡುತ್ತೇನೆ’ ಎಂದೆ. ಅವನು ಗೇಮ್‌ಪ್ಯಾಡನ್ನು ಎದೆಗವಚಿಕೊಂಡ. ‘ಮುಟ್ಟಬೇಡ ಮಾವ, ಇದೇ ಚೆನ್ನಾಗಿದೆ.’ ತಪ್ಪು ನನ್ನದು ಎಂದು ಹೇಳಬೇಕಿತ್ತು. ಗದ್ದೆಗೆ ಹೋದೆ.

ಸ್ನೇಹಿತರ ಮುಂದೆಲ್ಲ ಮಾವನ ಕೈಚಳಕ ಮೆರೆದಾಯಿತು. ಹದಿನೈದು ದಿನಕ್ಕೆ, ಯಾವುದೋ ಭಾರೀ ಅಪಘಾತದಲ್ಲಿ, ತಂತಿ ಪೂರ್ತಿ ಬಿಟ್ಟುಕೊಂಡಿತು. ಬೆಸುಗೆ ಕಡ್ಡಿ ಕಾಯಿಸಿದೆ. ಗುಡ್ಡದಂತೆ ಇಳಿಜಾರಾಗಿ, ಮಿನುಗುವಂತೆ ಕೂರಿಸಿದೆ. ಅವನು ಕಾರನ್ನು ಬೇಕೆಂದೇ ಗೋಡೆಗೆ ಗುದ್ದಿಸಿದ. ದೀಪ ಅಲುಗಲಿಲ್ಲ. ಮುಖ ಸಣ್ಣಗಾಯಿತು. ‘ಮೊದಲಿನ ಹಾಗೆಯೇ ಮಾಡಿಕೊಡು ಮಾವ.’

ಮೂರು ಸಲ ಬಿಚ್ಚಿದ್ದೇನೆ. ಒಮ್ಮೆ ಹೊತ್ತಲೇ ಇಲ್ಲ, ಎರಡು ಸಲ ಗಟ್ಟಿಯಾಗಿ ಕೂತುಬಿಟ್ಟಿತು. ನಾಳೆಯೂ ಮಳೆ ರಜೆಯಂತೆ. ಸ್ಕ್ರೂಗಳು ಇನ್ನೂ ತಟ್ಟೆಯಲ್ಲೇ ಇವೆ.