ಮೂರು ಸೆಕೆಂಡಿಗೆ ಮೈಕ್ ಬಂದ್

ಮಂಡ್ಯದಲ್ಲಿ ಹತ್ತೊಂಬತ್ತು ವರ್ಷದಿಂದ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಹೋದ ತಿಂಗಳು ಒಂದು ಭಾನುವಾರ, ಮೈಸೂರಿನ ಸರಸ್ವತಿಪುರಂನಲ್ಲಿ, ಒಂದು ಕಂಪ್ಯೂಟರ್ ನನ್ನ ಇಂಗ್ಲಿಷ್ ಮಾತಿಗೆ 90ಕ್ಕೆ 38 ಕೊಟ್ಟಿತು.

ಹೋಗಿದ್ದು ನನಗೋಸ್ಕರ ಅಲ್ಲ. ಅಕ್ಕನ ಮಗಳು ನರ್ಸ್. ಆಸ್ಟ್ರೇಲಿಯಾಕ್ಕೆ ಹೋಗಬೇಕು ಅಂತ ಪಿಟಿಇ ಅನ್ನೋ, ಕಂಪ್ಯೂಟರಿನಲ್ಲಿ ನಡೆಯುವ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾಳೆ. ಅವತ್ತು ಕೋಚಿಂಗ್ ಸೆಂಟರಿನಲ್ಲಿ ಮಾಕ್ ಟೆಸ್ಟ್ ಇತ್ತು. ಪಕ್ಕದ ಸಿಸ್ಟಮ್ ಖಾಲಿ. "ಚಿಕ್ಕಮ್ಮ, ನೀನೂ ಒಂದ್ಸಲ ಕೂತ್ಕೊಂಡ್ ನೋಡು, ನಿಂಗೇನ್ ಕಷ್ಟ?" ಅಂದಳು. ಕೂತೆ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಐಇಎಲ್‌ಟಿಎಸ್ ಅನ್ನೋ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಆದರೆ ಮಾತಾಡಿಸೋಕೆ ಒಬ್ಬರು ಮನುಷ್ಯರು ಇರುತ್ತಾರೆ. ನಾವು ತಡವರಿಸಿದರೆ ತಲೆ ಅಲ್ಲಾಡಿಸಿ ಕಾಯುತ್ತಾರೆ. ಇಲ್ಲಿ ಹೆಡ್‌ಫೋನು, ಬಾಯಿ ಮುಂದೆ ಮೈಕು, ಎದುರಿಗೆ ಪರದೆ, ಅಷ್ಟೇ. ಒಂದು ಬಾರ್ ಚಾರ್ಟ್ ಬಂತು. ನೋಡಿಕೊಳ್ಳೋಕೆ 25 ಸೆಕೆಂಡು, ಹೇಳೋಕೆ 40 ಸೆಕೆಂಡು. ಶುರು ಮಾಡಿದೆ. 'ಇನ್‌ಕ್ರೀಸ್' ಅಂದವಳು, ಅಯ್ಯೋ ಭೂತಕಾಲ ಅಲ್ವಾ ಅಂತ ವಾಪಸ್ ಹೋಗಿ 'ಇನ್‌ಕ್ರೀಸ್ಡ್' ಅಂತ ತಿದ್ದಿದೆ. ಆಮೇಲೆ ಇನ್ನೂ ಒಳ್ಳೆ ಪದಕ್ಕೆ ಹುಡುಕಾಡುತ್ತಾ ಸುಮ್ಮನಾದೆ. ಪದ ಸಿಕ್ಕಿತು. ಅಷ್ಟರಲ್ಲಿ ಮೈಕೇ ಬಂದ್ ಆಗಿತ್ತು. ಮೂರು ಸೆಕೆಂಡು ಬಾಯಿ ಮುಚ್ಚಿದರೆ ಮಾತು ಮುಗೀತು ಅಂತಲೇ ಅದರ ಲೆಕ್ಕ.

ರಿಸಲ್ಟ್ ಬಂದಾಗ ಅಲ್ಲಿನ ಟ್ರೇನರ್ ಹುಡುಗ ಕುರ್ಚಿ ಎಳೆದುಕೊಂಡು ಬಂದ. "ಮೇಡಂ, ಬೇಜಾರ್ ಮಾಡ್ಕೋಬೇಡಿ, ನೀವು ಪಾಠ ಮಾಡೋ ಥರ ಮಾತಾಡಿದ್ರಿ."

ಅವನು ಹೇಳಿದ್ದು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಿಟಿಇಯ ಇಂಥ ಪ್ರಶ್ನೆಗಳಲ್ಲಿ ನೋಡುವುದು ಮೂರು: ಏನು ಹೇಳಿದೆವು, ಉಚ್ಚಾರಣೆ ಹೇಗಿದೆ, ಮಾತು ಎಷ್ಟು ಸರಾಗವಾಗಿ ಹರಿಯಿತು. ವ್ಯಾಕರಣಕ್ಕೆ ಅಂತ ಬೇರೆ ಅಂಕವೇ ಇಲ್ಲ! ನಾನು ಹಿಂದೆ ಹೋಗಿ ತಿದ್ದಿದ್ದಕ್ಕೆ ಸಿಕ್ಕಿದ್ದು ಏನೂ ಇಲ್ಲ. ಉಲ್ಟಾ, ತಡವರಿಸಿದ್ದು, ಹೇಳಿದ್ದನ್ನೇ ಹೇಳಿದ್ದು, ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡಿದ್ದು ಎಲ್ಲ ಸರಾಗತನದ ಖಾತೆಯಲ್ಲಿ ಕಳೆದುಹೋಯಿತು. ಗಟ್ಟಿಯಾಗಿ ಓದುವ ಪ್ರಶ್ನೆಯಲ್ಲೂ ಹಾಗೆಯೇ. ಪರದೆ ಮೇಲಿನ ಒಂದು ಪದ ಬಿಟ್ಟರೂ ತಪ್ಪು, ಇಲ್ಲದ್ದನ್ನು ಸೇರಿಸಿದರೂ ತಪ್ಪು.

ಹಿಂದಿನ ಸಾಲಿನಲ್ಲಿ ಮದ್ದೂರಿನ ಹುಡುಗನೊಬ್ಬ 'ಹೀಟ್' ಅನ್ನುವುದನ್ನು ಪ್ರತಿ ಸಲ 'ಈಟ್' ಅಂತಲೇ ಓದುತ್ತಿದ್ದ. ನಮ್ಮ ಕಡೆ ಹಾಲು ಆಲಾಗುತ್ತೆ, ಹಾಸನ ಆಸನ ಆಗುತ್ತೆ. ನನಗೇನೋ ಅದು ಕಿವಿಗೆ ಇಂಪು. ಮಷೀನಿಗೂ ನಮ್ಮ ಧಾಟಿಯ ಮೇಲೆ ಕೋಪ ಇಲ್ಲವಂತೆ. ಆದರೆ ಬಿಸಿ ಹೋಗಿ ಊಟ ಆದರೆ ಅದು ಬೇರೆ ಪದ ಅಂತಲೇ ತಗೊಳ್ಳುತ್ತೆ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುವ ದೊಡ್ಡತನ ಅದಕ್ಕಿಲ್ಲ.

"ಇದಕ್ಕೆ ಇದೆಲ್ಲ ಯಾರು ಕಲಿಸಿದ್ದು?" ಅಂತ ಟ್ರೇನರನ್ನು ಕೇಳಿದೆ. "ನಿಮ್ಮಂಥವರೇ ಮೇಡಂ" ಅಂದ. ತುಂಬಾ ಜನರ ಮಾತನ್ನು ಮೊದಲು ಮನುಷ್ಯರು ಕೇಳಿ ಅಂಕ ಹಾಕಿರುತ್ತಾರೆ. ಅದನ್ನು ಮುಂದಿಟ್ಟುಕೊಂಡು, ಅವರಾಗಿದ್ದರೆ ಎಷ್ಟು ಕೊಡುತ್ತಿದ್ದರು ಅಂತ ಮಷೀನು ಅಂದಾಜು ಮಾಡುತ್ತೆ. ನಾನೂ ಪೇಪರ್ ತಿದ್ದುವವಳೇ. ಮಧ್ಯಾಹ್ನ ಮೂರರ ಮೇಲೆ ತಿದ್ದಿದ ಪೇಪರುಗಳಿಗೆ ನಾನು ಕೊಟ್ಟ ಅಂಕ ನೆನಪಾಗಿ ಜಾಸ್ತಿ ವಾದ ಮಾಡಲಿಲ್ಲ.

ಅಂದ ಹಾಗೆ ನಮ್ಮ ಹುಡುಗಿಗೆ 72.

ಸಂಜೆ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಅವಳು ತನ್ನ ಪರಿಚಯ ಹೇಳಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಪರೀಕ್ಷೆ ಶುರುವಾಗುವ ಮೊದಲು 30 ಸೆಕೆಂಡು ನಮ್ಮ ಬಗ್ಗೆ ನಾವೇ ಹೇಳಬೇಕು. ಅದಕ್ಕೆ ಅಂಕ ಇಲ್ಲ. ಅಮ್ಮ ಡೈರಿಗೆ ಹಾಲು ಹಾಕಿ ಓದಿಸಿದ್ದು, ಕೋವಿಡ್ ವಾರ್ಡಿನ ರಾತ್ರಿ ಪಾಳಿ, ಎಲ್ಲ ಹೇಳಿದಳು. ನಡುವೆ 'ಮೈ ಮದರ್ ಸೆಲ್ ಮಿಲ್ಕ್' ಅಂದಳು. 'ಸೆಲ್ಸ್' ಅನ್ನೋಕೆ ಬಾಯಿ ತೆಗೆದೆ.

ರೈಲು ಶ್ರೀರಂಗಪಟ್ಟಣದ ಹೊಳೆ ದಾಟುತ್ತಿತ್ತು. ಆ ಸದ್ದಿನಲ್ಲೂ ಅವಳು ಎಲ್ಲೂ ನಿಲ್ಲಿಸಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ.