ಈಗ ಏನು ಓದ್ತಾ ಇದ್ದೀರಿ?

ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೂ ಈ ಪ್ರಶ್ನೆ ತಪ್ಪಿದ್ದಲ್ಲ. ನನ್ನ ಉತ್ತರ ಸದ್ಯಕ್ಕೆ ಹೀಗಿದೆ: ಒಂದು ಪತ್ತೇದಾರಿ ಕಾದಂಬರಿ. ಹೆಸರು ಗೊತ್ತಿಲ್ಲ. ಬರೆದವರು ಯಾರು ಅಂತಲೂ ಗೊತ್ತಿಲ್ಲ. ಕೇಳಿದವರ ಮುಖ ಸಪ್ಪಗಾಗುತ್ತದೆ. ಕೆಲವರು ಎಲೆಯ ಮೇಲಿನ ಕೋಸಂಬರಿಯ ಕಡೆ ಗಮನ ಕೊಡುತ್ತಾರೆ. ಉಳಿದವರು ಬಿಡುವುದಿಲ್ಲ. "ಅಯ್ಯೋ, ಇನ್ನೂ ಅದನ್ನೆಲ್ಲ ಓದ್ತೀರಾ?"

ಓದ್ತೀನಿ.

ಈ ಪುಸ್ತಕ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, 30 ರೂಪಾಯಿಗೆ. ಮುಖಪುಟ ಇಲ್ಲ. ಮೊದಲ ಎಂಟು ಪುಟಗಳೂ ಇಲ್ಲ. 9ನೇ ಪುಟಕ್ಕೆ ಬರುವಷ್ಟರಲ್ಲಿ ಹೆಣ ಬಿದ್ದಾಗಿದೆ. ಹಾಗಾಗಿ ನನಗೆ ಎರಡೆರಡು ಪತ್ತೇದಾರಿಕೆ. ಕೊಂದವರು ಯಾರು, ಬರೆದವರು ಯಾರು.

ಸುಳಿವು ಬೇಕಾದಷ್ಟಿವೆ. ಇನ್‌ಸ್ಪೆಕ್ಟರು ಇಳಿಯುವುದು ಅಂಬಾಸಿಡರ್ ಕಾರಿನಿಂದ. ಆ ಕಾರು ರಸ್ತೆಗೆ ಬಂದದ್ದೇ 50ರ ದಶಕದ ಕೊನೆಗೆ. ರಾಜ್ಯವನ್ನು ಮೈಸೂರು ಅಂತಲೇ ಕರೆದಿದ್ದಾರೆ. ಕರ್ನಾಟಕ ಅನ್ನೋ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅಂದರೆ ಈ ಹದಿನೈದು ವರ್ಷದೊಳಗೆ ಎಲ್ಲೋ ಬರೆದದ್ದು. ಬೀಡಾ ಅಂಗಡಿಯಲ್ಲಿ ಒಬ್ಬ "ಎರಡಾಣೆ" ಕೊಡುತ್ತಾನೆ. ಆದರೆ ಆ ಸುಳಿವನ್ನು ನಂಬುವಂತಿಲ್ಲ. ನಯಾಪೈಸೆ ಬಂದದ್ದು 1957ರಲ್ಲಿ. ನಮ್ಮಜ್ಜಿ ಅದಾಗಿ ಎಷ್ಟೋ ವರ್ಷ ನಾಲ್ಕಾಣೆ, ಎಂಟಾಣೆ ಅಂತಲೇ ಲೆಕ್ಕ ಹಾಕುತ್ತಿದ್ದರು.

ಮೊದಲ ಅನುಮಾನ ಎನ್. ನರಸಿಂಹಯ್ಯನವರ ಮೇಲೆ. ಶಾಲೆ ಕಲಿತದ್ದು ನಾಲ್ಕನೇ ತರಗತಿ, ಬರೆದದ್ದು ಐನೂರು ಚಿಲ್ಲರೆ ಕಾದಂಬರಿ. ಪತ್ತೇದಾರ ಪುರುಷೋತ್ತಮನನ್ನು ಹುಟ್ಟುಹಾಕಿದವರು ಅವರು. ಇದರಲ್ಲಿ ಪುರುಷೋತ್ತಮನ ಸುಳಿವೇ ಇಲ್ಲ. ಹಾಗಾದರೆ ಮ. ರಾಮಮೂರ್ತಿಯವರೇ? ನವೆಂಬರ್‌ನಲ್ಲಿ ಆಟೋ ಮೇಲೆಲ್ಲ ಹಾರಾಡುವ ಹಳದಿ-ಕೆಂಪು ಬಾವುಟ ರೂಪಿಸಿದವರು ಅವರೇ. ಅವರು ಪತ್ತೇದಾರಿ ಬರೆಯುತ್ತಿದ್ದರು ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಟಿ.ಕೆ. ರಾಮರಾಯರ ವಿಷಯದಲ್ಲೂ ಹಾಗೇ. 'ಬಂಗಾರದ ಮನುಷ್ಯ' ಸಿನಿಮಾಕ್ಕೆ ಕಥೆಯಾದ ಕಾದಂಬರಿ ಅವರದ್ದು ಅಂತ ಕೆಲವರಿಗಾದರೂ ಗೊತ್ತು. ಅದೇ ಕೈ ಕೊಲೆ ಕಥೆಗಳನ್ನೂ ಬರೆದಿದೆ ಅನ್ನೋದು ಮರೆತೇ ಹೋಗಿದೆ.

ಹಳೆಯ ಪತ್ತೇದಾರಿಗಳೆಲ್ಲ ಚೆನ್ನಾಗಿವೆ ಅಂತ ನಾನು ವಾದಕ್ಕೆ ನಿಲ್ಲುವುದಿಲ್ಲ. ಎಷ್ಟೋ ಪುಸ್ತಕಗಳಲ್ಲಿ ಹೆಂಗಸರಿಗೆ ಮೂರ್ಛೆ ಹೋಗುವುದು, ಇಲ್ಲಾ ಕೊಲೆಯಾಗುವುದು, ಇವೆರಡು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಖಳನಾಯಕ ಸಿಕ್ಕಿಬಿದ್ದ ಮೇಲೆ ನಾಲ್ಕು ಪುಟ ಭಾಷಣ ಮಾಡುತ್ತಾನೆ. ಅದನ್ನೂ ಸಹಿಸಿಕೊಳ್ಳಬಹುದು. ನನಗೆ ಆಗದೇ ಇರೋದು, ಕೊನೇ ಗಳಿಗೆಯಲ್ಲಿ ಬೊಂಬಾಯಿಯಿಂದ ಬಂದಿಳಿಯುವ ಅವಳಿ ತಮ್ಮ! ಅದು ಶುದ್ಧ ಮೋಸ. ಪತ್ತೇದಾರನಿಗೆ ಕಂಡದ್ದೆಲ್ಲ ನನಗೂ ಕಾಣಬೇಕು. ಆಮೇಲೂ ನಾನು ಸೋತರೆ ಸರಿ, ಒಪ್ಪಿಕೊಳ್ಳುತ್ತೇನೆ.

ಆದರೆ ಸುಳಿವು ಸರಿಯಾಗಿ ಕೊಟ್ಟರೆ ಸಾಕು ಅಂತಲೂ ಈಗ ಅನ್ನಿಸುವುದಿಲ್ಲ. ಹೋದ ತಿಂಗಳು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್' ಮೂರನೇ ಸಲ ಓದಿದೆ. ಒಂದೇ ದಿನದ ಕಥೆ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ. ಮುಂದೇನಾಗುತ್ತದೆ ಅಂತ ನನಗೆ ಬಾಯಿಪಾಠ. ಆದರೂ ರಾತ್ರಿ ಒಂದು ಗಂಟೆವರೆಗೆ ದೀಪ ಆರಿಸಲಿಲ್ಲ. ಅಲ್ಲಿ ಹೆದರಿಕೆ ಹುಟ್ಟುವುದೇ ಏಲಕ್ಕಿಯಿಂದ. ನಾನು ಮಲೆನಾಡಿನವನು, ಆ ಹೆದರಿಕೆ ನನಗೆ ಗೊತ್ತು. ಒಬ್ಬ ಆಳು ಹೆಗಲಿಗೆ ಹಾಕಿಕೊಂಡು ಓಡಬಹುದಾದ ಚೀಲದಲ್ಲಿ ಒಂದು ಮನೆಯ ವರ್ಷದ ದುಡಿಮೆ ಕೂತಿರುತ್ತದೆ. ಅಷ್ಟೇ ಬೆಲೆಯ ಅಡಿಕೆ ಕದಿಯೋಕೆ ಜೀಪೇ ಬೇಕು, ಅಲ್ವಾ? ಕಳ್ಳರಿಗೆ, ದಲ್ಲಾಳಿಗಳಿಗೆ, ತೆರಿಗೆ ತಪ್ಪಿಸುವವರಿಗೆ ಹೇಳಿ ಮಾಡಿಸಿದ ಬೆಳೆ ಏಲಕ್ಕಿ. ಇದು ಗೊತ್ತಿದ್ದವರು ಬರೆದಾಗ ರೋಚಕತೆಯನ್ನು ಬೇರೆ ಕಡೆಯಿಂದ ತಂದು ಸುರಿಯಬೇಕಾಗಿಲ್ಲ.

ಕೆ.ಎನ್. ಗಣೇಶಯ್ಯನವರ ಬಗ್ಗೆಯೂ ಕೇಳುತ್ತಾರೆ. ಕೃಷಿ ವಿಜ್ಞಾನಿ ಬರೆದ ಇತಿಹಾಸದ ಥ್ರಿಲ್ಲರುಗಳು, ಆಧಾರಗಳ ಸಮೇತ. ಇಷ್ಟ. ಬೆನ್ನಟ್ಟುವ ಹೊತ್ತಿನಲ್ಲಿ ಪಾಠ ಶುರುವಾದರೆ ಸುಮ್ನೆ ಎದ್ದು ಕಾಫಿ ಮಾಡಿಕೊಂಡು ಬರುತ್ತೇನೆ, ಅಷ್ಟೆ.

ಹೆಸರಿಲ್ಲದ ಪುಸ್ತಕದಲ್ಲಿ ಈಗ 112ನೇ ಪುಟದಲ್ಲಿದ್ದೇನೆ. ಬರೆದವರು ಇನ್ನೂ ಸಿಕ್ಕಿಲ್ಲ. ಕೊಲೆಯ ವಿಷಯದಲ್ಲಿ ಮೊದಲಿಂದ ನನ್ನ ಅನುಮಾನ ಸತ್ತವನ ಭಾವಮೈದುನನ ಮೇಲೆ ಇತ್ತು. ಆದರೆ 96ನೇ ಪುಟದ ಅಂಚಿನಲ್ಲಿ ಹಿಂದೆ ಓದಿದ ಯಾರೋ ಪೆನ್ಸಿಲ್‌ನಲ್ಲಿ "ಡಾಕ್ಟರೇ ಕೊಲೆಗಾರ" ಅಂತ ಬರೆದಿಟ್ಟಿದ್ದಾರೆ. ಸಿಟ್ಟು ಬಂತು. ಗುಟ್ಟು ಒಡೆದುಹಾಕಿದರಲ್ಲ ಅಂತ ಗೊಣಗಿಕೊಂಡೇ, ಡಾಕ್ಟರ ಒಂದೊಂದು ಮಾತನ್ನೂ ಅನುಮಾನದಿಂದ ಓದಿದೆ.

108ನೇ ಪುಟದಲ್ಲಿ ಡಾಕ್ಟರ ಕೊಲೆಯಾಯಿತು.